ಹಾಡು ಮೊದಲು, ವಾದ್ಯ ಆಮೇಲೆ: ಅಪರಿಚಿತರ ಬರಿಗಂಠಕ್ಕೆ ಸಂಗೀತ ಕಟ್ಟುವುದು ಹೇಗೆ?

ಮುಂಬಯಿ ಕನ್ನಡಿಗರ ವಾಟ್ಸಪ್ ಬಳಗಗಳಲ್ಲಿ ಈಚೆಗೆ ಒಂದು ಬಗೆಯ ಹಾಡುಗಳು ಓಡಾಡುತ್ತಿವೆ. ಊರಿನ ಯಾರೋ ಅಜ್ಜಿ ಹೇಳಿದ ಬೀಸುವ ಪದ, ಹಿನ್ನೆಲೆಯಲ್ಲಿ ಕೊಳಲು, ಗಿಟಾರು, ಮೆಲ್ಲಗೆ ತಬಲ. ಅಜ್ಜಿ ಹಾಡಿದ್ದು ಬರಿಗಂಠದಲ್ಲಿ, ಮೊಮ್ಮಗನ ಮೊಬೈಲಿನ ಮುಂದೆ. ವಾದ್ಯ ಸೇರಿಸಿದವರು ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಇರುವ, ಅಜ್ಜಿಯ ಮುಖವನ್ನೇ ಕಾಣದ ಒಬ್ಬರು. ಕೇಳಿದವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ. ಇದು ಕರೋಕೆಯೇ? ಕಂಪ್ಯೂಟರ್ ತಾನಾಗಿ ಮಾಡುತ್ತದೆಯೇ? ಹೀಗೆ ಮಾಡಲು ಯಾರನ್ನಾದರೂ ಕೇಳಬೇಕೇ?

ಕರೋಕೆ ಅಲ್ಲ. ನಿಜ ಹೇಳಬೇಕೆಂದರೆ ಅದರ ತಲೆಕೆಳಗು. ರಾಜ್ಯೋತ್ಸವದ ವೇದಿಕೆಯಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುವವರು ಟ್ರ್ಯಾಕಿನ ಶ್ರುತಿಗೆ, ಟ್ರ್ಯಾಕಿನ ವೇಗಕ್ಕೆ ತಮ್ಮನ್ನು ಹೊಂದಿಸಿಕೊಳ್ಳುತ್ತಾರೆ. ಉಸಿರು ತಪ್ಪಿದರೆ ಟ್ರ್ಯಾಕ್ ಕಾಯುವುದಿಲ್ಲ. ಇಲ್ಲಿ ಹಾಡು ಮುಗಿದುಹೋಗಿದೆ. ಹೊಂದಿಕೊಳ್ಳಬೇಕಾದದ್ದು ವಾದ್ಯಗಳೇ. ಅಳತೆ ರವಿಕೆಯೊಂದನ್ನೇ ಇಟ್ಟುಕೊಂಡು, ತೊಡುವವರನ್ನು ನೋಡದೆಯೇ ಹೊಸದು ಹೊಲಿಯುವ ದರ್ಜಿಯ ಕೆಲಸ ಇದು.

ಕಚೇರಿಯ ಪಕ್ಕವಾದ್ಯವೂ ಹೀಗೆಯೇ ಅಲ್ಲವೇ ಎಂದು ಕೇಳಬಹುದು. ಪಿಟೀಲಿನವರು ಹಾಡುಗಾರರ ಬೆನ್ನು ಹತ್ತಿ ನುಡಿಸುವುದು ನಿಜ. ಆದರೆ ಅಲ್ಲಿ ಹಾಡುವವರೂ ಪಿಟೀಲನ್ನು ಕೇಳಿಸಿಕೊಳ್ಳುತ್ತಾರೆ, ಮೃದಂಗದ ಮುಕ್ತಾಯಕ್ಕೆ ಕಾಯುತ್ತಾರೆ, ತಲೆದೂಗುತ್ತಾರೆ. ಧ್ವನಿಮುದ್ರಣ ಯಾವುದಕ್ಕೂ ಕಾಯುವುದಿಲ್ಲ. ಮುಂದಿನ ಪ್ರತಿಯೊಂದು ತೊಡಕೂ ಹುಟ್ಟುವುದು ಈ ಒಂದು ಸಂಗತಿಯಿಂದ.

ಷಡ್ಜ ಎಲ್ಲಿದೆ?

ತಂಬೂರಿ ಇಲ್ಲದೆ ಹಾಡುವವರಿಗೂ ಒಂದು ಷಡ್ಜ ಇದ್ದೇ ಇರುತ್ತದೆ. ಹಾಡು ಹೊರಟು, ಸುತ್ತಾಡಿ, ಕೊನೆಗೆ ಬಂದು ಕೂರುವ ಸ್ವರ ಅದು. ಸಾಮಾನ್ಯವಾಗಿ ಪಲ್ಲವಿಯ ಅಥವಾ ನುಡಿಯ ಕೊನೆಯ ಸ್ವರವನ್ನು ಗುನುಗಿ ನೋಡಿದರೆ ಸಿಕ್ಕಿಬಿಡುತ್ತದೆ. ಕಷ್ಟ ಇರುವುದು ಆಮೇಲೆ: ಆ ಷಡ್ಜ ಯಾವ ವಾದ್ಯದ ಯಾವ ಪಟ್ಟಿಯ ಮೇಲೂ ಸರಿಯಾಗಿ ಕೂರುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಅಜ್ಜಿಯ ಷಡ್ಜವನ್ನು ಮೊಬೈಲಿನ ಟ್ಯೂನರ್ ಆ್ಯಪ್ 212 ಹರ್ಟ್ಜ್ ಎಂದು ತೋರಿಸಿತು ಎನ್ನಿ, ಅಂದರೆ ಸೆಕೆಂಡಿಗೆ 212 ಕಂಪನ. ಅದಕ್ಕೆ ಅತಿ ಹತ್ತಿರದ ಹಾರ್ಮೋನಿಯಂ ಪಟ್ಟಿ, ಮುಂಬಯಿ ವಾದಕರು ‘ಕಾಳಿ ಚಾರ್’ ಎನ್ನುವುದು, ಕರ್ನಾಟಕ ಸಂಗೀತದವರ ಐದೂವರೆ ಮನೆ. ಅದರ ಕಂಪನ ಸುಮಾರು 207.65. ಮೇಲಿನ ಪಟ್ಟಿ 220. ಅಜ್ಜಿ ಇರುವುದು ಇವೆರಡರ ನಡುವೆ. ಅಕ್ಕಪಕ್ಕದ ಎರಡು ಪಟ್ಟಿಗಳ ನಡುವಿನ ಅಂತರವನ್ನು 100 ಪಾಲು ಮಾಡಿ ಒಂದೊಂದು ಪಾಲಿಗೆ ಸೆಂಟ್ ಎನ್ನುತ್ತಾರೆ. ಅಜ್ಜಿ ಕಾಳಿ ಚಾರ್‌ಗಿಂತ 36 ಸೆಂಟ್ ಮೇಲೆ ಇದ್ದಾರೆ. ಹಾಗೆಯೇ ಹಾರ್ಮೋನಿಯಂ ಸೇರಿಸಿದರೆ ಎರಡು ಸ್ವರಗಳೂ ಒಂದಕ್ಕೊಂದು ಉಜ್ಜಿ, ಸೆಕೆಂಡಿಗೆ ನಾಲ್ಕು ಬಾರಿಗಿಂತ ತುಸು ಹೆಚ್ಚಾಗಿ ‘ವಾಂವ್ ವಾಂವ್’ ಎಂಬ ಅಲೆ ಏಳುತ್ತದೆ. ಕೇಳುವವರಿಗೆ ಅಜ್ಜಿಯೇ ಅಪಸ್ವರ ಹಾಡಿದಂತೆ ತೋರುತ್ತದೆ. ತಪ್ಪು ಅಜ್ಜಿಯದಲ್ಲ.

ಪರಿಹಾರ ಎರಡು. ಧ್ವನಿಯನ್ನು 36 ಸೆಂಟ್ ಇಳಿಸುವುದು ಒಂದು. ವಾದ್ಯಗಳನ್ನು 36 ಸೆಂಟ್ ಏರಿಸುವುದು ಇನ್ನೊಂದು. ಎರಡನೆಯದೇ ಮೇಲು. ಜಗತ್ತಿನ ಬಹುಪಾಲು ವಾದ್ಯಗಳು ಶ್ರುತಿಗೊಳ್ಳುವುದು 440 ಹರ್ಟ್ಜ್ ಎಂಬ ಅಳತೆಗೆ, ಅಂದರೆ ಆಗಲೇ ಹೇಳಿದ 220ರ ಪಟ್ಟಿಯ ಒಂದು ಸ್ಥಾಯಿ ಮೇಲಿನ ಸ್ವರಕ್ಕೆ. ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1955ರಲ್ಲಿ ಒಪ್ಪಿದ್ದು ಅದನ್ನೇ. ಸಂಗೀತದ ತಂತ್ರಾಂಶಗಳಲ್ಲಿ ಈ 440ನ್ನು ಬದಲಿಸಲು ಜಾಗ ಇರುತ್ತದೆ. ನಮ್ಮ ಲೆಕ್ಕದ ಪ್ರಕಾರ ಅಲ್ಲಿ 449 ಎಂದು ಬರೆದರೆ ಸಾಕು, ಕೀಬೋರ್ಡಿನ ಎಲ್ಲ ಸ್ವರಗಳೂ ಏಕಕಾಲಕ್ಕೆ ಅಜ್ಜಿಯ ಮಟ್ಟಕ್ಕೆ ಏರುತ್ತವೆ. ಎಲೆಕ್ಟ್ರಾನಿಕ್ ತಂಬೂರಿಗೆ ಸೂಕ್ಷ್ಮ ಶ್ರುತಿಯ ತಿರುಪು ಇದೆ. ಗಿಟಾರು, ಪಿಟೀಲುಗಳ ತಂತಿ ಬಿಗಿಯಬಹುದು. ನಿಜವಾದ ಹಾರ್ಮೋನಿಯಂ ಮತ್ತು ಬಿದಿರ ಕೊಳಲು ಇದಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಅವುಗಳನ್ನು ಬೇರೆಯಾಗಿ ಮುದ್ರಿಸಿಕೊಂಡು ಆಮೇಲೆ ಏರಿಸುವುದುಂಟು.

ಇನ್ನೊಂದು ಪೇಚು ಬಾಕಿ ಇದೆ. ಶ್ರುತಿಯ ಆಧಾರವಿಲ್ಲದೆ ಹಾಡುವವರ ಷಡ್ಜ ನಿಂತಲ್ಲಿ ನಿಲ್ಲುವುದಿಲ್ಲ. ನುಡಿಯಿಂದ ನುಡಿಗೆ ಮೆಲ್ಲಗೆ ಇಳಿಯಬಹುದು. ನಡುವೆ ಕೆಮ್ಮಿ, ನೀರು ಕುಡಿದು, ಮುಂದಿನ ನುಡಿಯನ್ನು ತುಸು ಮೇಲಿನಿಂದಲೇ ಎತ್ತಿಕೊಳ್ಳಲೂಬಹುದು. ಆಗ ಒಂದೊಂದು ನುಡಿಯನ್ನೂ ಕತ್ತರಿಸಿ, ನುಡಿಗೆ ನುಡಿಯನ್ನೇ ಇಡಿಯಾಗಿ ಹತ್ತಿಪ್ಪತ್ತು ಸೆಂಟ್ ಸರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾಡಬಾರದ್ದು ಒಂದಿದೆ. 1997ರಲ್ಲಿ ಮಾರುಕಟ್ಟೆಗೆ ಬಂದ ಆಟೊ-ಟ್ಯೂನ್ ಮತ್ತು ಅದರ ಸಂತತಿಯ ತಂತ್ರಾಂಶಗಳು ಪ್ರತಿ ಸ್ವರವನ್ನೂ ಹತ್ತಿರದ ಪಟ್ಟಿಗೆ ಎಳೆದು ಕೂರಿಸಬಲ್ಲವು. ಬಿಗಿಯಾಗಿ ಇಟ್ಟರೆ ಗಮಕ, ಜಾರು, ದನಿಯ ನಡುಕ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿಬಿಡುತ್ತವೆ. ಅಜ್ಜಿಯ ಹಾಡಿನಲ್ಲಿ ಅಜ್ಜಿ ಇದ್ದದ್ದು ಅಲ್ಲಿಯೇ.

ಒಂದನೇ ಪೆಟ್ಟು ಯಾವುದು?

ಕೇಳುತ್ತಾ ಬೆರಳಿನಿಂದ ಮೇಜಿನ ಮೇಲೆ ಬಡಿಯಿರಿ. ಬೆರಳು ತಾನಾಗಿ ಬೀಳುವ ಜಾಗವೇ ಲಯ. ಬೀಸುವ ಪದದಲ್ಲಿ ಕಲ್ಲಿನ ಗೂಟ ಒಂದು ಸುತ್ತು ಬರುವುದೇ ತಾಳ. ಕಲ್ಲು ಇಲ್ಲದೆ ಹಾಡಿದರೂ ತೋಳಿನ ಆ ನೆನಪು ದನಿಯಲ್ಲಿ ಉಳಿದಿರುತ್ತದೆ. ಹಾಡು ಒಂದನೇ ಪೆಟ್ಟಿಗೇ ಆರಂಭವಾಗಬೇಕೆಂದಿಲ್ಲ ಎನ್ನುವುದನ್ನು ಮಾತ್ರ ಮರೆಯಬಾರದು. ಪೆಟ್ಟು ಬಿದ್ದ ಮೇಲೆ ಅರ್ಧ ಎಣಿಕೆ ಬಿಟ್ಟು ಎತ್ತಿಕೊಳ್ಳುವ ಹಾಡುಗಳು ನಮ್ಮಲ್ಲಿ ಬೇಕಾದಷ್ಟಿವೆ. ಈ ಎತ್ತುಗಡೆಯನ್ನು ತಪ್ಪಾಗಿ ಹಿಡಿದರೆ ತಬಲದ ಸಮ, ಅಂದರೆ ತಾಳದ ಸುತ್ತಿನ ಒಂದನೇ ಪೆಟ್ಟು, ಪದದ ತಪ್ಪು ಅಕ್ಷರದ ಮೇಲೆ ಬಿದ್ದು, ಇಡೀ ಹಾಡು ಕುಂಟುತ್ತದೆ.

ಸಾಹಿತ್ಯವನ್ನು ಪುಸ್ತಕದಿಂದ ನೋಡಿ ಎಣಿಸುವುದೂ ಅಪಾಯ. ತ್ರಿಪದಿ ಓದುವಾಗ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗ ಮರುಕಳಿಸಿ ನಾಲ್ಕಾಗುತ್ತದೆ. ಎಣಿಕೆ ಬರಬೇಕಾದದ್ದು ಕಿವಿಯಿಂದ.

ಈಗ ವೇಗ. ಮೊದಲ ನುಡಿಯಲ್ಲಿ ಪೆಟ್ಟಿನಿಂದ ಪೆಟ್ಟಿಗೆ 0.75 ಸೆಕೆಂಡ್ ಇದ್ದರೆ ಅದು ನಿಮಿಷಕ್ಕೆ 80 ಪೆಟ್ಟು. ಹಾಡುತ್ತಾ ಹುರುಪೇರಿ ಮೂರನೆಯ ನುಡಿಯಲ್ಲಿ ಅಂತರ 0.70 ಸೆಕೆಂಡಿಗೆ ಇಳಿಯಿತು ಎನ್ನೋಣ. ಅಂದರೆ ಸುಮಾರು 86 ಪೆಟ್ಟು. ಕಿವಿಗೆ ಇದು ಬಹಳ ಅಲ್ಲ. ಆದರೆ ಕಂಪ್ಯೂಟರಿನ ತಬಲ 80ರಲ್ಲೇ ನಡೆಯುತ್ತಿದ್ದರೆ ಪ್ರತಿ ಪೆಟ್ಟಿಗೂ 0.05 ಸೆಕೆಂಡ್ ಹಿಂದೆ ಬೀಳುತ್ತದೆ. 16 ಪೆಟ್ಟು ಮುಗಿಯುವಾಗ 0.8 ಸೆಕೆಂಡ್, ಅಂದರೆ ಒಂದು ಪೂರ್ತಿ ಪೆಟ್ಟಿಗಿಂತ ಹೆಚ್ಚು. ಹಾಡು ಮುಂದೆ ಹೋಗಿದೆ, ತಬಲ ಹಿಂದೆ ಓಡಿ ಬರುತ್ತಿದೆ.

ಇಲ್ಲಿಯೂ ದಾರಿ ಎರಡು. ಹಾಡಿನ ಅಕ್ಷರಗಳನ್ನು ಹಿಗ್ಗಿಸಿ ಕುಗ್ಗಿಸಿ ಗಡಿಯಾರಕ್ಕೆ ಕಟ್ಟಬಹುದು. ಅಥವಾ ಗಡಿಯಾರವನ್ನೇ ಹಾಡಿಗೆ ಬಗ್ಗಿಸಬಹುದು. ಎರಡನೆಯದಕ್ಕೆ ಟೆಂಪೊ ಮ್ಯಾಪ್ ಎನ್ನುತ್ತಾರೆ. ಪ್ರತಿ ಆವರ್ತದ, ಅಂದರೆ ತಾಳದ ಪ್ರತಿ ಸುತ್ತಿನ, ಒಂದನೇ ಪೆಟ್ಟು ಎಲ್ಲಿ ಬಿತ್ತೆಂದು ಕೈಯಾರೆ ಗುರುತು ಹಾಕುತ್ತಾ ಹೋದರೆ ತಂತ್ರಾಂಶ ಆವರ್ತಕ್ಕೊಂದು ವೇಗ ಇಟ್ಟುಕೊಳ್ಳುತ್ತದೆ: ಇಲ್ಲಿ 80, ಅಲ್ಲಿ 82, ಕೊನೆಯಲ್ಲಿ 86. ಬೇಸರದ ಕೆಲಸ. ನಾಲ್ಕು ನಿಮಿಷದ ಹಾಡಿಗೆ ಒಂದು ಸಂಜೆ ಹಿಡಿಯಬಹುದು. ಆದರೆ ಇದನ್ನು ಮಾಡಿದ ಟ್ರ್ಯಾಕಿಗೂ ಮಾಡದ ಟ್ರ್ಯಾಕಿಗೂ ಇರುವ ಅಂತರ, ಸಂಗೀತ ಗೊತ್ತಿಲ್ಲದವರಿಗೂ ಕೇಳುತ್ತದೆ.

ಎರಡು ನುಡಿಗಳ ನಡುವೆ ಹಾಡುವವರು ಒಂದು ಉಸಿರಷ್ಟೇ ಬಿಟ್ಟಿರುತ್ತಾರೆ. ಅಲ್ಲಿ ಕತ್ತರಿಸಿ, ನುಡಿಯನ್ನು ಮುಂದೆ ಸರಿಸಿ, ನಡುವೆ ಕೊಳಲಿಗೋ ಪಿಟೀಲಿಗೋ ಜಾಗ ಮಾಡುವುದು ರೂಢಿ. ನುಡಿಯ ಒಳಗೆ ಮಾತ್ರ ಕತ್ತರಿ ಹಾಕಬಾರದು. ಉಸಿರೆಳೆದ ಸದ್ದನ್ನೂ ಅಳಿಸಬೇಕಾಗಿಲ್ಲ. ಮುಂದಿನ ಸಾಲು ಬರುತ್ತಿದೆ ಎಂದು ಕೇಳುಗರಿಗೆ ತಿಳಿಸುವುದೇ ಅದು.

ಯಾವ ಸ್ವರದ ಜೊತೆಗೆ ಯಾವುದು?

ಶ್ರುತಿ, ಲಯ ಸಿಕ್ಕ ಮೇಲೆ ಸ್ವಂತ ಸೃಷ್ಟಿ ಆರಂಭ. ‘ಸಂಗೀತ ಸೇರಿಸುವವರು’ ಹಾಡಿನ ಅರ್ಥವನ್ನೇ ಮುಟ್ಟುವುದು ಇಲ್ಲಿ.

ಪಾಶ್ಚಾತ್ಯ ಪದ್ಧತಿಯಲ್ಲಿ ಮೂರು ಸ್ವರಗಳನ್ನು ಒಟ್ಟಿಗೆ ನುಡಿಸುವುದನ್ನು ಕಾರ್ಡ್ ಎನ್ನುತ್ತಾರೆ. ಹಾಡಿನಲ್ಲಿ ಗಾಂಧಾರ ಒಂದು ಕಡೆ ನಿಂತಿದೆ ಎನ್ನೋಣ. ಅದರ ಕೆಳಗೆ ಸ-ಗ-ಪ ನುಡಿಸಿದರೆ ಅದು ಮನೆಯ ಜಗಲಿಯಲ್ಲಿ ನಿಂತಂತೆ ನಿರಾಳ. ಅದೇ ಗಾಂಧಾರದ ಕೆಳಗೆ ದ-ಸ-ಗ ನುಡಿಸಿದರೆ ಒಂದು ಬಗೆಯ ವಿಷಾದ ಸುಳಿಯುತ್ತದೆ. ಹಾಡುವವರು ಹಾಡಿದ ಸ್ವರ ಒಂದು ಕೂದಲೂ ಅಲುಗಿಲ್ಲ, ಭಾವ ಬದಲಾಗಿದೆ. ತವರನ್ನು ನೆನೆದು ಖುಷಿಯಾಗಿ ಹಾಡಿದ ಪದವನ್ನು ಅಳುವಂತೆ ಮಾಡಲು ಎರಡು ಕಾರ್ಡ್ ಸಾಕು. ಅಪರಿಚಿತರ ಹಾಡಿನ ವಿಷಯದಲ್ಲಿ ಈ ಶಕ್ತಿಯನ್ನು ಕೈ ಬಿಗಿಹಿಡಿದು ಬಳಸಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಸಾಹಿತ್ಯ ಓದಬೇಕು, ಅರ್ಥವಾಗದ ಪ್ರಾಂತ್ಯದ ಮಾತಿದ್ದರೆ ಕೇಳಿ ತಿಳಿಯಬೇಕು, ಆಮೇಲೆ ಕಾರ್ಡ್.

ರಾಗದ ಹಾಡುಗಳಲ್ಲಿ ಇನ್ನೊಂದು ಎಚ್ಚರ. ಮೋಹನ ರಾಗದಲ್ಲಿ, ಅಂದರೆ ಹಿಂದುಸ್ತಾನಿಯವರ ಭೂಪದಲ್ಲಿ, ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಗಿಟಾರಿನವರು ಅಭ್ಯಾಸಬಲದಿಂದ ಹಾಕುವ ಮ-ದ-ಸ ಕಾರ್ಡ್ ರಾಗದಲ್ಲಿಲ್ಲದ ಮಧ್ಯಮವನ್ನು ಹಿಂಬಾಗಿಲಿನಿಂದ ತಂದು ಕೂರಿಸುತ್ತದೆ. ರಾಗದ ಐದು ಸ್ವರಗಳಲ್ಲೇ ದೊರೆಯುವ ಸ-ಗ-ಪ ಮತ್ತು ದ-ಸ-ಗ ಎಂಬ ಎರಡು ಕಾರ್ಡ್‌ಗಳಲ್ಲಿ ಒಂದು ದಾಸರ ಪದವನ್ನು ಪೂರ್ತಿ ನಡೆಸಬಹುದು. ಅದೂ ಬೇಡವೆನಿಸಿದರೆ ತಂಬೂರಿ ಇದ್ದೇ ಇದೆ.

ಒಂದು ಸೂಕ್ಷ್ಮ. ತಂಬೂರಿಯ ಸಹಜ ನಾದದಲ್ಲಿ ಕೇಳುವ ಗಾಂಧಾರ ಷಡ್ಜಕ್ಕಿಂತ 386 ಸೆಂಟ್ ಮೇಲಿದೆ, ಕೀಬೋರ್ಡಿನದು 400. ಒಳ್ಳೆಯ ಕಿವಿಯುಳ್ಳವರು ಬರಿಗಂಠದಲ್ಲಿ ಹಾಡುವಾಗ ಹಲವೊಮ್ಮೆ ಈ 386ರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ಹಾಗಾಗಿ ಅವರು ಗಾಂಧಾರದಲ್ಲಿ ದೀರ್ಘವಾಗಿ ನಿಂತಾಗ ಕೀಬೋರ್ಡ್ ಅದೇ ಗಾಂಧಾರವನ್ನು ಒತ್ತದಿರುವುದೇ ಲೇಸು. ಷಡ್ಜ, ಪಂಚಮ ಹಿಡಿದು, ಗಾಂಧಾರವನ್ನು ಹಾಡುವವರಿಗೇ ಬಿಟ್ಟುಬಿಡಬೇಕು.

ಗೋವೆಯವರಿಂದ ಮುಂಬಯಿ ಕಲಿತದ್ದು

ಬರಿಯ ಧಾಟಿಗೆ ಸುತ್ತಲೂ ಸಂಗೀತ ಕಟ್ಟುವ ಕಸುಬು ಮುಂಬಯಿಗೆ ಹೊಸದಲ್ಲ. ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ಧಾಟಿ ಹೇಳುತ್ತಿದ್ದರು; ಅದಕ್ಕೆ ಪಿಟೀಲುಗಳ ಸಾಲು, ತುತ್ತೂರಿ, ಗಿಟಾರು ಎಲ್ಲಿ ಏನು ನುಡಿಯಬೇಕೆಂದು ಕಾಗದದ ಮೇಲೆ ಬರೆಯುತ್ತಿದ್ದವರು ಅರೇಂಜರ್‌ಗಳು. ಅವರಲ್ಲಿ ಬಹುಮಂದಿ ಗೋವೆಯವರು. ಅಲ್ಲಿನ ಚರ್ಚಿನ ಶಾಲೆಗಳಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತು ಬಂದವರು. ಶಂಕರ್-ಜೈಕಿಶನ್ ಜೋಡಿಗೆ ದುಡಿದ ಸೆಬಾಸ್ಟಿಯನ್ ಡಿಸೋಜಾ, ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಪ್ಯಾರೇಲಾಲ್‌ಗೆ ಪಿಟೀಲು ಕಲಿಸಿದ ಆಂಥೋನಿ ಗೊನ್ಸಾಲ್ವಿಸ್ ಆ ಸಾಲಿನವರು.

ಅವರ ಕೆಲಸದ ಮಾತುಗಳು ಇಂದಿಗೂ ಇಲ್ಲಿನ ಸ್ಟುಡಿಯೊಗಳಲ್ಲಿ ಬಳಕೆಯಲ್ಲಿವೆ. ಹಾಡುವವರು ಸಾಲು ಮುಗಿಸಿ ಮುಂದಿನ ಸಾಲು ಎತ್ತುವ ಮುನ್ನ ತುಂಬುವ ಪುಟ್ಟ ತುಣುಕು ಫಿಲ್ಲರ್. ಹಾಡುವವರು ಹಾಡುತ್ತಿರುವಾಗಲೇ ಹಿಂದೆ ಬೇರೊಂದು ಧಾಟಿಯಲ್ಲಿ ಹರಿಯುವ ಪಿಟೀಲು ಆಬ್ಲಿಗಾಟೊ. ಆಬ್ಲಿಗಾಟೊವಿನ ಗುಟ್ಟು ಸರಳ. ದನಿ ಓಡುವಾಗ ಪಿಟೀಲು ನಿಲ್ಲಬೇಕು, ದನಿ ನಿಂತಾಗ ಪಿಟೀಲು ಓಡಬೇಕು. ಅಪರಿಚಿತರ ಹಾಡಿಗೆ ಈ ನಿಯಮ ಇನ್ನೂ ಹೆಚ್ಚು ಅನ್ವಯ, ಏಕೆಂದರೆ ಹಾಡಿದವರು ಯಾರಿಗೂ ಜಾಗ ಬಿಟ್ಟು ಹಾಡಿರುವುದಿಲ್ಲ. ಇರುವ ಸಂದುಗಳಲ್ಲೇ ತೂರಬೇಕು.

ಕಂಠದ ಎತ್ತರದಲ್ಲೇ ನುಡಿಯುವ ವಾದ್ಯ ಕಂಠವನ್ನು ಮುಚ್ಚುತ್ತದೆ ಎನ್ನುವುದೂ ಅವರಿಗೆ ಚೆನ್ನಾಗಿ ಗೊತ್ತಿತ್ತು. ವ್ಯಂಜನಗಳ ಸ್ಪಷ್ಟತೆ ಇರುವುದು ಸುಮಾರು 2,000ದಿಂದ 5,000 ಹರ್ಟ್ಜ್ ನಡುವೆ. ನಮ್ಮ ಕಿವಿ ಅತಿ ಚುರುಕಾಗಿರುವುದೂ ಹೆಚ್ಚುಕಡಿಮೆ ಅಲ್ಲಿಯೇ. ವಾದ್ಯಗಳನ್ನು ಆ ಭಾಗದಲ್ಲಿ ತುಸು ತಗ್ಗಿಸಿದರೆ ಪದ ಎದ್ದು ಕೇಳುತ್ತದೆ, ದನಿಯನ್ನು ಜೋರು ಮಾಡಬೇಕಾಗಿ ಬರುವುದಿಲ್ಲ.

ಫ್ಯಾನು, ರೈಲು, ಗೋಡೆ

ಮೊಬೈಲಿನ ಧ್ವನಿಮುದ್ರಣದಲ್ಲಿ ಹಾಡಿನ ಜೊತೆ ಮನೆಯೂ ಬಂದಿರುತ್ತದೆ. ಫ್ಯಾನಿನ, ರಸ್ತೆಯ ಗುಂಯ್‌ಗುಟ್ಟುವಿಕೆ ಬಹುಪಾಲು 100 ಹರ್ಟ್ಜ್‌ಗಿಂತ ಕೆಳಗೆ. ಹೆಣ್ಣುದನಿಗೆ ಅಲ್ಲಿ ಕೆಲಸವಿಲ್ಲ, ಆ ಭಾಗವನ್ನು ನಿಶ್ಚಿಂತೆಯಿಂದ ಕತ್ತರಿಸಬಹುದು. ನಮ್ಮ ವಿದ್ಯುತ್ತಿನ 50 ಹರ್ಟ್ಜ್ ಗುನುಗು 100, 150 ಎಂದು ಮರಿ ಹಾಕುತ್ತದೆ, ಅದನ್ನು ಸೂಜಿಯಿಂದ ಹೆಕ್ಕಿದಂತೆ ತೆಗೆಯಬೇಕು. ಆಡಾಸಿಟಿಯಂಥ ಉಚಿತ ತಂತ್ರಾಂಶ ಇದಕ್ಕೆ ಸಾಕು. ಲೋಕಲ್ ರೈಲಿನ ಹಾರ್ನ್ ಕಂಠದ ಸ್ವರಗಳ ನಡುವೆಯೇ ಕೂರುವುದರಿಂದ ತೆಗೆಯುವುದು ಕಷ್ಟ.

ಗೋಡೆಗಳಿಂದ ಮರಳಿದ ಅನುರಣನವನ್ನೂ ಪೂರ್ತಿ ಒರೆಸಲಾಗದು. ಬದಲಿಗೆ ವಾದ್ಯಗಳಿಗೂ ಅಂಥದೇ ಅನುರಣನ ಕೊಟ್ಟರೆ ಎಲ್ಲರೂ ಒಂದೇ ಕೋಣೆಯಲ್ಲಿ ಕುಳಿತಂತೆ ಕೇಳುತ್ತದೆ. ವಾಟ್ಸಪ್‌ನ ವಾಯ್ಸ್ ಮೆಸೇಜ್ ದನಿಯನ್ನು ಹಿಂಡಿ ಚಿಕ್ಕದು ಮಾಡುತ್ತದೆ. ಮೂಲ ಫೈಲನ್ನು ‘ಡಾಕ್ಯುಮೆಂಟ್’ ಎಂದು ಕಳುಹಿಸಿದರೆ ಹಾಗೆಯೇ ತಲುಪುತ್ತದೆ.

ಕಂಪ್ಯೂಟರ್ ತಾನಾಗಿ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ: ದನಿಯೊಂದನ್ನು ಕೊಟ್ಟರೆ ಹಿನ್ನೆಲೆ ಹೊಸೆದು ಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಈಗ ಇವೆ. ಮೇಲೆ ಹೇಳಿದ ನಿರ್ಧಾರಗಳನ್ನೇ ಅವು ನಮ್ಮ ಪರವಾಗಿ ತೆಗೆದುಕೊಳ್ಳುತ್ತವೆ. ಏಕೆ ತೆಗೆದುಕೊಂಡವು ಎಂದು ಮಾತ್ರ ಹೇಳುವುದಿಲ್ಲ.

ಲಂಡನ್ನಿನ ಒಬ್ಬ ಮುದುಕ

ಈ ಬಗೆಯ ಕೆಲಸದಲ್ಲಿ ಅತಿ ಪ್ರಸಿದ್ಧವಾದದ್ದು ಇಂಗ್ಲಿಷ್ ಸಂಯೋಜಕ ಗೇವಿನ್ ಬ್ರೈಯರ್ಸ್ ಅವರದು. 1971ರಲ್ಲಿ ಲಂಡನ್ನಿನ ಬೀದಿಯಲ್ಲಿ ಬದುಕುವವರ ಕುರಿತು ಸಾಕ್ಷ್ಯಚಿತ್ರ ತಯಾರಾಗುತ್ತಿತ್ತು. ಮನೆಮಾರಿಲ್ಲದ ಒಬ್ಬ ಮುದುಕ ಏಸುವಿನ ಕುರಿತ ಒಂದು ಚಿಕ್ಕ ಭಕ್ತಿಗೀತೆಯನ್ನು ಬರಿಗಂಠದಲ್ಲಿ ಹಾಡಿದ್ದ. ಚಿತ್ರಕ್ಕೆ ಬಳಕೆಯಾಗದೆ ಉಳಿದ ಆ ಟೇಪು ಬ್ರೈಯರ್ಸ್ ಕೈಗೆ ಬಂತು. ಮನೆಯಲ್ಲಿ ನುಡಿಸಿ ನೋಡಿದರೆ ಮುದುಕನ ಶ್ರುತಿ ತಮ್ಮ ಪಿಯಾನೊಗೆ ಸರಿಹೊಂದುತ್ತಿತ್ತು. ಹಾಡಿನ ಮೊದಲ 13 ಆವರ್ತ ಮತ್ತೆ ಮತ್ತೆ ಸುತ್ತುವಂತೆ ಮಾಡಿ, ಅದರ ಕೆಳಗೆ ಸರಳವಾದ ವಾದ್ಯಮೇಳವೊಂದನ್ನು ಮೆಲ್ಲಗೆ ಬೆಳೆಸಿದರು. ದನಿ ಕೊನೆಯವರೆಗೂ ಅದೇ. ಬೆಳೆಯುವುದು ಸುತ್ತಲಿನದು ಮಾತ್ರ. 1975ರಲ್ಲಿ ಅದು ಧ್ವನಿಮುದ್ರಿಕೆಯಾಯಿತು. ಆ ಮುದುಕ ಅದನ್ನು ಕೇಳುವ ಮೊದಲೇ ತೀರಿಕೊಂಡಿದ್ದ.

ಯಾರನ್ನು ಕೇಳಬೇಕು?

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಕಣ್ಣಿನಲ್ಲಿ ಒಂದು ಹಾಡಿನೊಳಗೆ ಮೂರು ಪದರ ಇವೆ. ಸಾಹಿತ್ಯ ಮತ್ತು ಧಾಟಿ ಒಂದು; ಅದರ ಹಕ್ಕು ಬರೆದವರ ಜೀವಿತಾವಧಿ ಮತ್ತು ಆನಂತರ 60 ವರ್ಷ. ಪುರಂದರದಾಸರ ಸಾಹಿತ್ಯಕ್ಕೆ ಈ ತಡೆ ಇಲ್ಲ. ಆದರೆ ಅದಕ್ಕೆ ಈಚಿನವರು ಹಾಕಿದ ಧಾಟಿಗೆ ಇರಬಹುದು. ಎರಡನೆಯದು ಹಾಡಿಕೆ: ಹಾಡಿದವರಿಗೆ ಪ್ರದರ್ಶಕರ ಹಕ್ಕು ಇದೆ, 50 ವರ್ಷ. ಮೂರನೆಯದು ಧ್ವನಿಮುದ್ರಣ: ಅದರ ಹಕ್ಕು ಮುದ್ರಣ ಮಾಡಿಸಿದವರದು, ಪ್ರಕಟವಾದ ಮೇಲೆ 60 ವರ್ಷ. ಅಜ್ಜಿಯ ಪದ ಯಾರದೆಂದು ಗೊತ್ತಿಲ್ಲದ ಜನಪದವೇ ಇರಬಹುದು, ಆದರೆ ಹಾಡಿಕೆ ಅಜ್ಜಿಯದು, ಮುದ್ರಣ ಬಹುಶಃ ಮೊಮ್ಮಗನದು. ಇಬ್ಬರನ್ನೂ ಕೇಳಬೇಕು.

2012ರ ತಿದ್ದುಪಡಿ ಇನ್ನೊಂದು ಹಕ್ಕನ್ನು ಸೇರಿಸಿತು. ತನ್ನ ಹೆಸರು ಹೇಳಬೇಕೆಂದು ಒತ್ತಾಯಿಸುವ, ತನ್ನ ಹೆಸರಿಗೆ ಧಕ್ಕೆ ತರುವಂತೆ ಹಾಡಿಕೆಯನ್ನು ತಿರುಚಿದರೆ ತಡೆಯುವ ಹಕ್ಕು ಪ್ರದರ್ಶಕರಿಗೆ ಇದೆ. ಉಳಿದ ಹಕ್ಕುಗಳನ್ನು ಬರೆದುಕೊಟ್ಟಿದ್ದರೂ ಇದು ಉಳಿಯುತ್ತದೆ. ಅಂತರಜಾಲದಲ್ಲಿ ಸಿಕ್ಕಿತು ಎನ್ನುವುದು ಅನುಮತಿಯಲ್ಲ, ಬಳಗದಲ್ಲಿ ಯಾರೋ ಹಂಚಿದರು ಎನ್ನುವುದೂ ಅಲ್ಲ.

ಅನುಮತಿಯನ್ನು ಮೊದಲೇ ಕೊಟ್ಟಿಟ್ಟ ದನಿಗಳೂ ಇವೆ. 2002ರಿಂದ ಬಳಕೆಯಲ್ಲಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳ ಅಡಿಯಲ್ಲಿ, ಬೇರೆಯವರು ಸಂಗೀತ ಸೇರಿಸಲೆಂದೇ ಬರಿಗಂಠದಲ್ಲಿ ಹಾಡಿ ಹಂಚುವವರಿದ್ದಾರೆ. 2004ರಲ್ಲಿ ಆರಂಭವಾದ ಸಿಸಿಮಿಕ್ಸ್ಟರ್ ಎಂಬ ಜಾಲತಾಣ ಇಂಥವರ ಜಾಗ. ಪರವಾನಗಿಯ ಶರತ್ತು ಓದಬೇಕು ಅಷ್ಟೆ. ಹೆಸರು ಹೇಳಿದರೆ ಸಾಕು ಎನ್ನುವುದೂ ಇದೆ, ಹಣ ಮಾಡುವಂತಿಲ್ಲ ಎನ್ನುವುದೂ ಇದೆ. ಮಾರ್ಪಾಡು ಸಲ್ಲದು ಎಂದಿದ್ದರೆ ಸಂಗೀತ ಸೇರಿಸಿ ಹಂಚುವಂತಿಲ್ಲ.

ಅಜ್ಜಿಯಂಥವರನ್ನು ಕೇಳುವಾಗ ಮುಗಿದ ಹಾಡನ್ನು ಮುಂದಿಟ್ಟು ‘ಹೇಗಿದೆ’ ಎಂದರೆ ದಾಕ್ಷಿಣ್ಯಕ್ಕೆ ‘ಚೆನ್ನಾಗಿದೆ’ ಎನ್ನುತ್ತಾರೆ. ಒಂದೇ ನುಡಿಗೆ ವಾದ್ಯ ಸೇರಿಸಿ, ಅದನ್ನೂ ಬರಿಗಂಠದ ಮೂಲವನ್ನೂ ಒಟ್ಟಿಗೆ ಕಳುಹಿಸುವುದು ಮೇಲು. ಕೊಳಲು ಬೇಡ, ಇಷ್ಟು ಜೋರು ಬೇಡ ಎನ್ನಲು ಆಗ ಅವರಿಗೆ ಬಾಯಿ ಬರುತ್ತದೆ. ಎಲ್ಲಿ ಹಾಕುತ್ತೀರಿ, ಹಣ ಬಂದರೆ ಏನು, ಹೆಸರನ್ನು ಹೇಗೆ ಬರೆಯಬೇಕು, ಊರು ಹಾಕಬೇಕೇ ಎಂಬುದನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದು ಕೇಳಿ, ಅವರ ಉತ್ತರವನ್ನು ಆ ಹಾಡಿನ ಫೈಲುಗಳ ಜೊತೆಗೇ ಇಟ್ಟುಕೊಳ್ಳಿ.